ಇಟ್ಟಂಗಿ ಗೋಡಿಗೆ ಹಾಕೋ ಆಂಕರ್ ಸೈಟಿನ್ಯಾಗ ಎಳದು ನೋಡೋದು ಬೇಕಾ? ಹೆಂಗ ಮಾಡ್ಸೋದು, ಎಷ್ಟು ಮಾಡ್ಸೋದು?

ಮಿಲ್‌ಸೈಟ್_ಗಂಗಾವತಿ

ಎಲ್ಲಾರಿಗೂ ನಮಸ್ಕಾರ್ರಿ. ಗಂಗಾವತಿಯಾಗ ಒಂದು ಹಳೇ ರೈಸ್ ಮಿಲ್ಲಿನ ರಿಪೇರಿ ಕೆಲಸ ನಡದೈತಿ, ನಾನು ಅಲ್ಲಿ ಸೈಟ್ ಸೂಪರ್‌ವೈಸರ್. ಹೊಸಾ ಡಸ್ಟ್ ಡಕ್ಟು (ಧೂಳು ಹೋಗೋ ಕೊಳವಿ), ಕೇಬಲ್ ಟ್ರೇ ಎಲ್ಲಾ ಗೋಡಿಗೆ ಬ್ರಾಕೆಟ್ ಹೊಡದು ಕೂಡಿಸಬೇಕು, ಒಟ್ಟು 160ರ ಆಸುಪಾಸು ಆಂಕರ್ (ಗೋಡಿಯೊಳಗ ಕೂಡಿಸಿ ಬ್ರಾಕೆಟ್ ಹಿಡಿಸೋ ಬೋಲ್ಟ್) ಬರ್ತಾವ. ಗೋಡಿ ಎರಡು ನಮೂನಿ ಅದಾವ, ಹಳೇ ಭಾಗ ಇಟ್ಟಂಗಿ ಮತ್ತ ಸುಣ್ಣದ ಗಚ್ಚು, ದಪ್ಪ ಒಂದೂಕಾಲ್ ಫೂಟ್ ಹತ್ರ, ಹೊಸಾ ಭಾಗ ಸಾಲಿಡ್ ಬ್ಲಾಕು. ಬೆಂಗಳೂರಿನ ಕನ್ಸಲ್ಟೆಂಟ್ ಡ್ರಾಯಿಂಗಿನ ಕೆಳಗ ಸಣ್ಣ ಅಕ್ಷರದಾಗ ಒಂದ್ ಸಾಲು ಬರದಾರ, ಆಂಕರ್ ಹಾಕೂಕಿಂತ ಮೊದಲ ಸೈಟಿನ್ಯಾಗ ಪುಲ್ ಔಟ್ ಟೆಸ್ಟ್ ಮಾಡಿಸಿ ರಿಪೋರ್ಟ್ ಕಳಸ್ರಿ ಅಂತ. ಅಂಗಡಿಯಾಂವ ಕ್ಯಾಟಲಾಗ್ ತಗದು ತೋರಿಸಿ 12 ಎಂಎಂ ಬೋಲ್ಟ್ ಒಂದು ಟನ್ ತಡೀತೈತಿ, ಟೆಸ್ಟ್ ಗಿಸ್ಟ್ ಯಾಕ್ ಬೇಕು ಅಂತಾನ. ನಮ್ ಗೌಂಡಿ ಬಡದು ಟೈಟ್ ಮಾಡಿದ್ರ ಆತು ಅಂತಾನ. ಸಾವ್ಕಾರ್ರು ಮಾತ್ರ ಸೀಸನ್ ಸುರು ಆಗೂದ್ರಾಗ ಮಿಲ್ ಓಡ್ಬೇಕು ಅಂತ ದಿನಾ ಫೋನ್. ಈ ಟೆಸ್ಟ್ ಖರೇನ ಬೇಕಾ, ಇಲ್ಲಾ ಕಾಗದಕ್ಕಷ್ಟನಾ? ನಮ್ಮ ಕಡೆ ಯಾರ್ ಮಾಡ್ತಾರ? ಅನುಭವ ಇದ್ದವ್ರು ಹೇಳ್ರಿ.

ಬಳ್ಳಾರಿ_ಸ್ಟ್ರಕ್ಚರ್

ಅಣ್ಣ, ಅಂಗಡಿಯವ್ನು ಸುಳ್ಳು ಹೇಳಿಲ್ಲ, ಆದ್ರೆ ನಿಮ್ಮ ಗೋಡೆ ಬಗ್ಗೆ ಹೇಳಿಲ್ಲ ಅಷ್ಟೆ. ಆ ಟೇಬಲ್ ಮೇಲೆ ಕಣ್ಣಾಡಿಸಿ ನೋಡ್ರಿ, ಎಂ20ನೋ ಎಂ25ನೋ ಕಾಂಕ್ರೀಟ್ ಅಂತ ಇರುತ್ತೆ. ಆ ಒಂದು ಟನ್ ಆ ಕಾಂಕ್ರೀಟಿಂದು, ನಿಮ್ಮ ಇಟ್ಟಿಗೇದಲ್ಲ. ಸುಟ್ಟ ಇಟ್ಟಿಗೆಗೆ ಐಎಸ್ 1077 ಅನ್ನೋ ನಮ್ಮ ದೇಶದ ಕೋಡ್ ಐತೆ, ಅದ್ರಲ್ಲಿ ಕ್ಲಾಸ್ 3.5ರಿಂದ ಸುರು ಆಗುತ್ತೆ, ಅಂದ್ರೆ ಒಂದು ಚದರ ಎಂಎಂಗೆ 3.5 ನ್ಯೂಟನ್. ಹಳೇ ಮಿಲ್ಲಿನ ಇಟ್ಟಿಗೆ ಯಾವ ಭಟ್ಟೀಲಿ ಸುಟ್ಟಿದ್ದೋ, ಭಟ್ಟಿ ನಡುವೆ ಇದ್ದಿದ್ದೋ ಅಂಚಲ್ಲಿ ಇದ್ದಿದ್ದೋ ಯಾರಿಗೆ ಗೊತ್ತು, ಒಂದೇ ಗೋಡೇಲಿ ಒಂದು ಟಣ್ ಅನ್ನುತ್ತೆ ಪಕ್ಕದ್ದು ಉಗುರಲ್ಲಿ ಕೆರೆದ್ರೆ ಪುಡಿ ಆಗುತ್ತೆ.

ಇನ್ನೊಂದು, ಬಡಿದು ಟೈಟ್ ಮಾಡೋ ಬೋಲ್ಟ್ ಅಂದ್ರೆ ಎಕ್ಸ್‌ಪ್ಯಾನ್ಶನ್ ಟೈಪು. ಅದು ಹಿಡಿಯೋದೇ ಹೋಲ್ ಒಳಗೆ ಅಗಲ ಆಗಿ ಸುತ್ತಲೂ ಒತ್ತಿ. ಕಾಂಕ್ರೀಟ್ ಆ ಒತ್ತಡ ತಡಕೊಳ್ಳುತ್ತೆ, ಮೂರಿಂಚಿನ ಇಟ್ಟಿಗೆ ಸೀಳುತ್ತೆ. ಸ್ಪಾನರ್ ಹಾಕಿ ಜೋರಾಗಿ ತಿರುವಿದಷ್ಟೂ ಸೀಳೋದು ಜಾಸ್ತಿ. ಹಂಗಾಗಿ ಮಾಲು ಖರೀದಿ ಮಾಡೋಕೆ ಮೊದಲೇ ಟೆಸ್ಟ್ ಮಾಡಿಸ್ರಿ. 160 ತಂದು ಆಮೇಲೆ ಈ ಗೋಡೆಗೆ ಇದು ಆಗಲ್ಲ ಅಂದ್ರೆ ಅಂಗಡಿಯವ್ನು ವಾಪಸ್ ತಗೊಳಲ್ಲ.

ಕಾರಟಗಿ_ಕಾಂಟ್ರಾಕ್ಟ್

ಇದೆಲ್ಲಾ ಕನ್ಸಲ್ಟೆಂಟ್‌ಗೋಳ ಆಟ. ನಮ್ಮಪ್ಪ ಗ್ವಾಡಿಯಾಗ ಕಟಿಗಿ ಗುಟ್ಟ ಬಡದು ಮಸ್ತ್ ಕೆಲಸ ಮಾಡ್ಯಾನ, ಇವತ್ತಿಗೂ ನಿಂತಾವ. ಒಂದ್ ಡಕ್ಟ್ ಏನ್ ಭಾರ ಇರ್ತೈತಿ? ಹೆಚ್ಚಂದ್ರ ಒಂದ್ ಬ್ರಾಕೆಟ್ಟಿಗೆ ಎಂಬತ್ ಕೇಜಿ. ಅನುಮಾನ ಇದ್ರ ಎರಡ್ ಸಿಮೆಂಟ್ ಚೀಲ ಜೋತ್ ಬಿಟ್ ನೋಡ್ರಿ, ಅದೂ ಟೆಸ್ಟ್ ಅಲ್ಲೇನು? ರೊಕ್ಕ ಯಾಕ್ ಹಾಳ್ ಮಾಡ್ತೀರಿ.

ಎಳೆದುನೋಡು_ರಾಯಚೂರು

ಕಾರಟಗಿ ಅಣ್ಣಾರ ಮಾತು ಅರ್ಧ ಒಪ್ಪತೀನಿ. ನಾ ಟೆಸ್ಟಿಂಗ್ ಲ್ಯಾಬಿನ್ಯಾಗ ಕೆಲಸ ಮಾಡಾವ, ಹಿಂಗಾಗಿ ನನ್ನ ಮಾತು ಸ್ವಲ್ಪ ನಮ್ ಅಂಗಡಿ ಕಡಿಗಿ ವಾಲ್ತದ ಅಂತ ಅನಕೊಂಡೇ ಓದ್ರಿ. ಸಿಮೆಂಟ್ ಚೀಲ ಬೋಲ್ಟಿಗೆ ಜೋತ್ ಬಿಟ್ರ ಅದು ಕೆಳಗ ಜಗ್ತದ, ಬೋಲ್ಟ್ ಅಡ್ಡ ನಿಂತು ತಡೀತದ. ಅದು ಶಿಯರ್. ಗೋಡಿ ಅದಕ್ಕ ಸಹಜಾಗಿ ಗಟ್ಟಿ ಇರ್ತದ. ಫೇಲ್ ಆಗೋದು ಮುಂದಕ್ಕ ಎಳೆದಾಗ.

ಎಂಬತ್ ಕೇಜಿ ಅಂದ್ರಲ್ಲ, ಅದನ್ನ ಹಿಡದು ಲೆಕ್ಕ ಮಾಡಮು. ಡಕ್ಟಿನ ನಡುಮಧ್ಯ ಗೋಡಿಯಿಂದ 400 ಎಂಎಂ ಹೊರಗ ಅದ ಅನ್ರಿ, ಬ್ರಾಕೆಟ್ಟಿನ ಮ್ಯಾಲಿನ ಬೋಲ್ಟಿನಿಂದ ಕೆಳಗಿನ ತುದಿಗೆ 250 ಎಂಎಂ. 80 ಗುಣಿಸು 400, ಭಾಗಿಸು 250, ಬಂತು 128 ಕೇಜಿ. ಇದು ಮ್ಯಾಲಿನ ಬೋಲ್ಟ್‌ಗಳನ್ನ ಗೋಡಿಯಿಂದ ಹೊರಗ ಎಳೆಯೋ ಜೋರು. ಭಾರ 80, ಎಳೆತ 128. ಬ್ರಾಕೆಟ್ ಇನ್ನೂ ಗಿಡ್ಡ ಮಾಡಿದ್ರ ಇನ್ನೂ ಜಾಸ್ತಿ. ಫ್ಯಾಬ್ರಿಕೇಟರ್ ಆ್ಯಂಗಲ್ ಉಳಿಸ್ಲಿಕ್ಕ ಅಂತ ಬ್ರಾಕೆಟ್ ಎತ್ತರ 150 ಮಾಡಿಕೊಟ್ರ ಅದು 213 ಆಗ್ತದ, ಇದನ್ನ ಯಾರೂ ಕೇಳಂಗಿಲ್ಲ. ಮ್ಯಾಲ ಡಕ್ಟಿನ್ಯಾಗ ತೌಡು ಕುಂತು ಗಟ್ಟಿ ಆತಂದ್ರ ಭಾರ ಎಷ್ಟ್ ಆಗ್ತದ, ಫ್ಯಾನಿನ ನಡುಕ ಎಷ್ಟು, ಅದು ಬ್ಯಾರೆ.

ಮಿಲ್‌ಸೈಟ್_ಗಂಗಾವತಿ

ಯಪ್ಪಾ, ನಮ್ ಬ್ರಾಕೆಟ್ ಎತ್ತರ 180 ಐತಿ. ಸರ್, ಟೆಸ್ಟಿನ್ಯಾಗ ಏನೇನ್ ಮಾಡ್ತಾರ ಸ್ವಲ್ಪ ಬಿಡಿಸಿ ಹೇಳ್ರಿ. ಮತ್ತ ಕನ್ಸಲ್ಟೆಂಟ್ ಯಾವ ಕೋಡ್ ಅಂತ ಬರದಿಲ್ಲ.

ಎಳೆದುನೋಡು_ರಾಯಚೂರು

ಹೇಳ್ತೀನಿ, ಉದ್ದ ಆಗ್ತದ. ಎರಡು ಬ್ಯಾರೆ ಬ್ಯಾರೆ ಟೆಸ್ಟ್ ಅದಾವ, ಜನ ಎರಡನ್ನೂ ಕಲಸಿ ಪುಲ್ ಔಟ್ ಅಂತಾರ, ಜಗಳ ಸುರು ಆಗೋದೇ ಅಲ್ಲಿ.

ಮೊದಲನೇದು ಕೆಲಸ ಸುರು ಆಗೂಕಿಂತ ಮುಂಚೆ. ಈ ಗೋಡಿ ಎಷ್ಟು ತಡೀತದ ಅಂತ ಗೊತ್ತಿಲ್ಲ, ಅದನ್ನ ತಿಳಕೊಳ್ಳಾಕ. ಅದೇ ಗೋಡಿಯಾಗ, ಆದ್ರ ಮುಂದ ಬ್ರಾಕೆಟ್ ಬರದೇ ಇರೋ ಜಾಗದಾಗ, ಕೆಲವು ಆಂಕರ್ ಹಾಕಿ ಕಿತ್ತು ಬರೋ ತನಕ ಎಳೀತೀವಿ. ಆ ಆಂಕರ್ ಬಲಿ ಕೊಟ್ಟಂಗ, ಮತ್ತ ಬಳಸಂಗಿಲ್ಲ. ಎಷ್ಟಕ್ಕ ಬಂತು, ಹೆಂಗ ಬಂತು ಎರಡೂ ಬರಕೋಬೇಕು. ಎರಡನೇದು ಕೆಲಸ ಮುಗದ ಮ್ಯಾಲ, ಅದು ಪ್ರೂಫ್ ಟೆಸ್ಟ್. ಹಾಕಿದ ಆಂಕರಿನ್ಯಾಗ ಕೆಲವನ್ನ ಆರಿಸಿ ಅದರ ಕೆಲಸದ ಲೋಡಿಗಿಂತ ಸ್ವಲ್ಪ ಜಾಸ್ತಿ ಎಳದು ಹಿಡದು ಅಲುಗಾಡ್ತದೇನ್ ನೋಡಿ ಬಿಡ್ತೀವಿ. ಇದು ಗೋಡಿ ತಾಕತ್ತು ಹೇಳಂಗಿಲ್ಲ, ಹಾಕಿದಾವ ಸರಿಯಾಗಿ ಹಾಕ್ಯಾನೋ ಇಲ್ಲೋ ಅದನ್ನ ಹೇಳ್ತದ. ನಿಮ್ಮ ಕನ್ಸಲ್ಟೆಂಟ್ "ಹಾಕೂಕಿಂತ ಮೊದಲು" ಅಂದಾರ ಅಂದ್ರ ಅವ್ರು ಕೇಳಿದ್ದು ಮೊದಲನೇದು. ಎರಡನೇದು ಕೇಳಿಲ್ಲ ಅಂದ್ರೂ ಮಾಡಿಸ್ರಿ ಅಂತೀನಿ ನಾ.

ಕೋಡ್ ವಿಚಾರಕ್ಕ ಬಂದ್ರ, ನಮ್ಮ ದೇಶದ್ದು ಐಎಸ್ 1946 ಅಂತ 1961ರದ್ದು ಅದ, ಗೋಡಿ, ಚಾವಣಿ, ನೆಲಕ್ಕ ಫಿಕ್ಸಿಂಗ್ ಹಾಕೋ ಬಗ್ಗೆ. ಸೈಟ್ ಟೆಸ್ಟಿಗೆ ಕನ್ಸಲ್ಟೆಂಟ್‌ಗಳು ಹೆಚ್ಚಾಗಿ ಬ್ರಿಟನ್ನಿನ ಬಿಎಸ್ 8539 ಕೇಳ್ತಾರ, 2012ರದ್ದು, ಅದರಾಗ ಕಾಂಕ್ರೀಟು ಮೇಸನ್ರಿ ಎರಡೂ ಬರ್ತಾವ. ಇನ್ನ ಕೆಲವ್ರು ಟೆಂಡರಿನ್ಯಾಗ ಅಮೇರಿಕಾದ ಎಎಸ್‌ಟಿಎಂ ಇ488 ಅಂತ ಕಾಪಿ ಹೊಡದಿರ್ತಾರ, ಅದು ಕಾಂಕ್ರೀಟಿಂದು, ಇಟ್ಟಂಗಿ ಗೋಡಿ ಸೈಟ್ ಟೆಸ್ಟಿಗೆ ಅವರದೇ ಇ3121 ಅದ. ಪ್ಲಾಸ್ಟಿಕ್ ಆಂಕರಿಗೆ ಯೂರೋಪಿನ ಇಒಟಿಎದವ್ರ ಟಿಆರ್ 051 ಅದ, ಅದರಾಗ ಕನಿಷ್ಠ 15 ಎಳೀರಿ, ಎಲ್ಲಾಕಿಂತ ಕಡಿಮಿ ಬಂದ 5ರ ಸರಾಸರಿ ತಗೊಂಡು ಅದನ್ನೂ ಇಳಿಸ್ರಿ ಅಂತದ. ಕೆಮಿಕಲ್ ಆಂಕರಿಗೆ (ಹೋಲಿನ್ಯಾಗ ಅಂಟು ತುಂಬಿ ರಾಡ್ ಕೂಡಿಸೋದು) ಟಿಆರ್ 053. ನಿಮ್ಮವ್ರಿಗೆ ಒಂದು ಮೇಲ್ ಹಾಕಿ ಯಾವುದು ಅಂತ ಬರವಣಿಗಿಯಾಗ ಕೇಳ್ರಿ, ಆಮ್ಯಾಲ ರಿಪೋರ್ಟ್ ತಿರುಗಿ ಬರೋದು ತಪ್ತದ.

ನನಗ ಬಾಳ ಸೇರಿದ್ದು ಈ ಕಡಿಮಿ ಬಂದ ಐದರ ಲೆಕ್ಕ. ಹದಿನೈದರ ಸರಾಸರಿ ತಗೊಂಡ್ರ ಗಟ್ಟಿ ಇಟ್ಟಂಗಿ ಹಗುರ ಇಟ್ಟಂಗಿದು ಮುಚ್ಚಿ ಹಾಕ್ತದ. ಆದ್ರ ಡಕ್ಟಿನ ಬೋಲ್ಟ್ ಇರೋದು ಸರಾಸರಿ ಇಟ್ಟಂಗಿಯಾಗ ಅಲ್ಲ, ಅದಕ್ಕ ಸಿಕ್ಕ ಇಟ್ಟಂಗಿಯಾಗ.

ಸಿಂಧನೂರು_ಸಿವಿಲ್

ಒಂದು ಸೇರಸ್ತೀನಿ. ಪ್ರೂಫ್ ಟೆಸ್ಟಿಗೆ ಬಿಎಸ್ 8539 ಪ್ರಕಾರ ನಡೆಯೋ ರೂಢಿ 40ಕ್ಕ ಒಂದು, ಕಡಿಮಿ ಅಂದ್ರ 3, ಲೋಡ್ ಒಂದೂವರೆ ಪಟ್ಟು. 160ಕ್ಕ 4 ಆಗ್ತಾವ. ಆದ್ರ ನಿಮ್ಮವು ಎರಡು ಥರದ ಗೋಡಿ, ಒಟ್ಟು ಕೂಡಿಸಿ 4 ಅನಬ್ಯಾಡ್ರಿ. ಇಟ್ಟಂಗಿ ಗೋಡಿದು ಬ್ಯಾರೆ ಲೆಕ್ಕ, ಬ್ಲಾಕಿಂದು ಬ್ಯಾರೆ ಲೆಕ್ಕ, ಎರಡರಾಗೂ ಕಡಿಮಿ ಅಂದ್ರ ಮೂರು ಮೂರು. ಗೋಡಿ ಬದಲಾದ್ರ, ಆಂಕರ್ ಬದಲಾದ್ರ, ಅಷ್ಟ್ ಯಾಕ ಹಾಕೋ ಟೀಮ್ ಬದಲಾದ್ರೂ ಹೊಸಾ ಲೆಕ್ಕ ಅಂತ ನಾವ್ ಹಿಡೀತೀವಿ.

ಡ್ರಿಲ್‌ಬಿಟ್_ಕೊಪ್ಪಳ

ಒಂದ್ ಪ್ರಶ್ನೆ ರಾಯಚೂರ್ ಸರ್‌ಗೆ. ಮಷೀನಿನ ಕಾಲ್ ಎಲ್ಲಿ ಇಡ್ತೀರಿ ನೀವು? ನಮ್ ಸೈಟಿಗೆ ಒಬ್ಬಾಂವ ಬಂದಿದ್ದ, ಅಂಗೈಯಷ್ಟು ಸಣ್ಣ ಟೆಸ್ಟರ್, ಮೂರೂ ಕಾಲು ಒಂದ ಇಟ್ಟಂಗಿ ಮ್ಯಾಲ ಕುಂತಿದ್ವು, ಎಲ್ಲಾ ಪಾಸು. ಆಮ್ಯಾಲ ಅದ ಗೋಡಿಯಾಗ ವೆಲ್ಡರ್ ಏಣಿ ಹಚ್ಚಿದ್ದಕ್ಕ ಬ್ರಾಕೆಟ್ ಇಟ್ಟಂಗಿ ಸಮೇತ ಎದ್ ಬಂತು, ಹಲ್ಲು ಕಿತ್ತಂಗ.

ಎಳೆದುನೋಡು_ರಾಯಚೂರು

ಸರಿಯಾದ ಜಾಗಕ್ಕ ಕೈ ಹಾಕೀರಿ. ಟೆಸ್ಟರ್ ಅಂದ್ರ ಏನು, ನಡುವ ಹೈಡ್ರಾಲಿಕ್ ಜಾಕ್ ಬೋಲ್ಟನ್ನ ಹೊರಗ ಎಳೀತದ, ಅಷ್ಟೇ ಜೋರಿನಿಂದ ಅದರ ಕಾಲು ಗೋಡಿನ ಒಳಗ ಒತ್ತತಾವ. ಕಾಲು ಅದೇ ಇಟ್ಟಂಗಿ ಮ್ಯಾಲ ಇದ್ವಂದ್ರ, ಇಟ್ಟಂಗಿನ ನೀವೇ ಒತ್ತಿ ಹಿಡದು ನೀವೇ ಬೋಲ್ಟ್ ಎಳದಂಗ ಆತು. ಇಟ್ಟಂಗಿ ಎದ್ದು ಬರಾಕ ಆಗಂಗೇ ಇಲ್ಲ, ಕೋನ್ ಆಕಾರದಾಗ ಒಡೆಯಾಕೂ ಬಿಡಂಗಿಲ್ಲ. ಅಲ್ಲಿ ಟೆಸ್ಟ್ ಆಗಿದ್ದು ಕೆಮಿಕಲ್ ಹೋಲಿಗೆ ಅಂಟ್ಯದೋ ಇಲ್ಲೋ ಅನ್ನೋದು ಮಾತ್ರ. ನಂಬರ್ ಚಲೋ ಬರ್ತದ, ಎಲ್ಲಾರಿಗೂ ಖುಷಿ.

ಇಟ್ಟಂಗಿ ಗೋಡಿಗೆ ಅಗಲ ಸೇತುವೆ ಥರದ ಫ್ರೇಮ್ ಬೇಕು, ಎರಡು ಕಾಲು ದೂರ ದೂರ. ಆಂಕರಿಂದ ಕಾಲಿಗೆ ಆಂಕರಿನ ಆಳದ ಒಂದೂವರೆ ಪಟ್ಟು ಅಂತರ ಇಡ್ತೀವಿ. ಆಳ 110 ಎಂಎಂ ಅಂದ್ರ ಒಂದ್ ಕಡಿ 165, ಎರಡೂ ಕಡಿ ಸೇರಿ 330. ಅಷ್ಟು ಅಗಲ ಇದ್ರ ಕಾಲು ಪಕ್ಕದ ಇಟ್ಟಂಗಿ ಮ್ಯಾಲ ಹೋಗ್ತಾವ, ನಡುವಿನ ಇಟ್ಟಂಗಿ ಸ್ವತಂತ್ರ ಇರ್ತದ, ಗಚ್ಚು ಎಷ್ಟು ಹಿಡದದ ಅನ್ನೋದು ಹೊರಗ ಬರ್ತದ. ನೀವು ಟೆಸ್ಟ್ ಮಾಡಾವ ಬಂದಾಗ ಮೊದಲ ನೋಡ್ಬೇಕಾದ್ದು ಮೀಟರ್ ಅಲ್ಲ, ಆ ಫ್ರೇಮ್. ಫ್ರೇಮ್ ತಂದಿಲ್ಲಾ ಅಂದ್ರ ಚಾ ಕುಡಿಸಿ ವಾಪಸ್ ಕಳಸ್ರಿ.

ಬಳ್ಳಾರಿ_ಸ್ಟ್ರಕ್ಚರ್

ಇದಕ್ಕೆ ನಂದೊಂದು ಸೇರ್ಪಡೆ, ಮತ್ತೆ ನನ್ನ ಪ್ರಕಾರ ಇಡೀ ಚರ್ಚೆಲಿ ಇದೇ ಮುಖ್ಯ. ಜಾಗ ಯಾರು ಆರಿಸ್ತಾರೆ? ಸೈಟಲ್ಲಿ ನಡೆಯೋದು ಹಿಂಗೆ: ಲ್ಯಾಬಿನವ್ರು ಬರ್ತಾರೆ, ಕಾಂಟ್ರಾಕ್ಟರ್ ಹುಡುಗ ಎದೆ ಎತ್ತರಕ್ಕೆ, ನೆರಳಲ್ಲಿ, ನೋಡೋಕೆ ಚೆಂದ ಇರೋ ಕೆಂಪು ಇಟ್ಟಿಗೆ ನಡುವೆ ಹೋಲ್ ಹೊಡೆದು ರೆಡಿ ಇಟ್ಟಿರ್ತಾನೆ. ಏಣಿ ಹತ್ತೋದು ಯಾರಿಗೂ ಬೇಕಿಲ್ಲ. ಆದ್ರೆ ಡಕ್ಟ್ ಹೋಗೋದು ಎಲ್ಲಿ? ಟ್ರಸ್ (ಚಾವಣಿ ಹೊರೋ ಚೌಕಟ್ಟು) ಕೆಳಗೆ, ಗೋಡೆ ತುದೀಲಿ.

ಗಚ್ಚಿನ ಗೋಡೇಲಿ ಕೆಳಗಿನ ಇಟ್ಟಿಗೆ ಮೇಲೆ ಇಡೀ ಗೋಡೆ ಭಾರ ಕೂತಿರುತ್ತೆ, ಆ ಭಾರವೇ ಅದನ್ನ ಅಮುಕಿ ಹಿಡಿದಿರುತ್ತೆ. ಮೇಲಿನ ನಾಕೈದು ವರಸೆಗೆ ಆ ಭಾರ ಇಲ್ಲ, ಹಿಡಿದಿರೋದು ಬರೀ ಗಚ್ಚು, ಅದೂ ಮಳೆ ನೀರು ಇಳಿದು ಇಳಿದು ಸತ್ವ ಹೋಗಿರೋ ಗಚ್ಚು. ಕೆಳಗೆ 8 ಕಿಲೋನ್ಯೂಟನ್ (ಸುಮಾರು 800 ಕೇಜಿ ಎಳೆತ) ಬಂದ ಅದೇ ಆಂಕರ್ ಮೇಲೆ ಅದರ ಅರ್ಧನೂ ಬರದೇ ಇರಬಹುದು. ಹಂಗಾಗಿ ಜಾಗ ಗುರುತು ಮಾಡೋದು ಹಾಕೋವ್ನ ಕೆಲಸ ಅಲ್ಲ. ನೀವೇ ಚಾಕ್‌ಪೀಸ್ ತಗೊಂಡು ಮಾಡ್ರಿ ಅಣ್ಣ, ಆಗಲ್ಲ ಅಂದ್ರೆ ಕನ್ಸಲ್ಟೆಂಟಿಗೆ ಫೋಟೋ ಕಳಿಸಿ ಅವರ ಕೈಲಿ ಗುರುತು ಹಾಕಿಸ್ರಿ. ನೀರು ಸೋರಿ ಕಪ್ಪಾಗಿರೋ ಜಾಗ ಒಂದು, ಟ್ರಸ್ ಕೆಳಗೆ ಒಂದೆರಡು, ಕಿಟಕಿ ಪಕ್ಕ ಒಂದು, ಒಂದಾದ್ರೂ ಇಟ್ಟಿಗೆ ಜಾಯಿಂಟ್ ಮೇಲೆ. ಪ್ಲಾಸ್ಟರ್ ಇರೋ ಗೋಡೇಲಿ ಹೋಲ್ ಇಟ್ಟಿಗೆ ನಡುವೆ ಬಿತ್ತೋ ಸಂದೀಲಿ ಬಿತ್ತೋ ಹಾಕೋವ್ನಿಗೇ ಗೊತ್ತಿರಲ್ಲ, ಹಂಗಿದ್ದಾಗ ಸಂದಿನೂ ಎಳೆದು ನೋಡ್ಲೇಬೇಕು.

ನಮ್ಮ ಬಳ್ಳಾರಿ ಕಡೆ ಸೈಜ್ ಕಲ್ಲಿನ ಗೋಡೆಲೂ ಇದೇ ಕಥೆ. ಕಲ್ಲಿಗೆ ಹಾಕಿ ಎಳೆದ್ರೆ ಮಷೀನೇ ಸೋಲುತ್ತೆ, ರಿಪೋರ್ಟ್ ಭರ್ಜರಿ. ಮುಂದಿನ ಬೋಲ್ಟ್ ಎರಡು ಕಲ್ಲಿನ ನಡುವೆ ಬೀಳುತ್ತೆ.

ಕಾರಟಗಿ_ಕಾಂಟ್ರಾಕ್ಟ್

ಸರಿ ಬಿಡ್ರಿ, ಆದ್ರ ಸಣ್ಣ ಕೆಲಸಕ್ಕೂ ಇಷ್ಟೆಲ್ಲಾ ಮಾಡಿದ್ರ ನಾವ್ ಉಳೀತೀವೇನು. ಅಂಗಡಿ ಬೋರ್ಡ್ ಹಾಕೋದಕ್ಕೂ ಟೆಸ್ಟ್ ಅಂತೀರೇನು ಮುಂದ?

ಬಳ್ಳಾರಿ_ಸ್ಟ್ರಕ್ಚರ್

ಬೋರ್ಡಿಗೇ ಜಾಸ್ತಿ ಬೇಕು ಅಂತೀನಿ ನಾನು! ಐಎಸ್ 875 ಭಾಗ 3ರಲ್ಲಿ ಬಳ್ಳಾರಿಗೆ ಬೇಸಿಕ್ ಗಾಳಿ ವೇಗ ಸೆಕೆಂಡಿಗೆ 39 ಮೀಟರ್. ಬೇರೆ ಗುಣಕ ಎಲ್ಲಾ ಪಕ್ಕಕ್ಕಿಟ್ಟು ಬರೀ 0.6 ಗುಣಿಸು ವೇಗದ ವರ್ಗ ಮಾಡಿದ್ರೆ ಚದರ ಮೀಟರಿಗೆ 912 ನ್ಯೂಟನ್. ಹತ್ತು ಫೂಟ್ ನಾಕ್ ಫೂಟ್ ಬೋರ್ಡು 3.7 ಚದರ ಮೀಟರ್, ಅಂದ್ರೆ ಹತ್ರ ಹತ್ರ 3.4 ಕಿಲೋನ್ಯೂಟನ್, ಮುನ್ನೂರ ನಲವತ್ತು ಕೇಜಿ ಮುಂದಕ್ಕೆ ಎಳೆದಂಗೆ. ಏಪ್ರಿಲ್ ಮೇ ತಿಂಗಳ ಸಂಜೆ ಧೂಳು ಗಾಳಿ ಎದ್ದಾಗ ರಸ್ತೇಲಿ ನಿಂತು ನೋಡ್ರಿ, ಲೆಕ್ಕ ತಾನೇ ಅರ್ಥ ಆಗುತ್ತೆ. ಡಕ್ಟ್ ಬಿದ್ರೆ ಮಿಲ್ ಒಳಗೆ ಬೀಳುತ್ತೆ, ಬೋರ್ಡ್ ಬೀಳೋದು ಬಸ್ಸಿಗೆ ಕಾಯೋರ ಮೇಲೆ.

ಶಕ್ತಿನಗರ_ಬೂದಿ

ತಡವಾಗಿ ಬಂದೀನಿ. ಕೆಮಿಕಲ್ ಹಾಕೋವ್ರಿಗೆ ನಮ್ಮ ಬಿಸಲಿನ ವಿಚಾರ ಯಾರೂ ಹೇಳಿಲ್ಲ. ಹೆಚ್ಚಿನ ಕಾರ್ಟ್ರಿಜ್ (ಕೆಮಿಕಲ್ ತುಂಬಿದ ಟ್ಯೂಬ್) ಮ್ಯಾಲ 25 ಡಿಗ್ರಿ ಒಳಗ ಇಡ್ರಿ ಅಂತ ಬರದಿರ್ತದ. ನಮ್ಮಲ್ಲಿ ಅದನ್ನ ಎಲ್ಲಿ ಇಡ್ತಾರ? ತಗಡಿನ ಶೆಡ್ಡಿನ್ಯಾಗ, ಇಲ್ಲಾಂದ್ರ ಗಾಡಿ ಡ್ಯಾಶ್‌ಬೋರ್ಡ್ ಮ್ಯಾಲ. ಮಾಮೂಲಿ ಪಾಲಿಯೆಸ್ಟರ್ ಮಾಲು 20 ಡಿಗ್ರಿಯಾಗ ಐದಾರು ನಿಮಿಷ ಕೆಲಸಕ್ಕ ಸಿಗ್ತದ, ಅದೇ 35-40ರಾಗ ಎರಡು ನಿಮಿಷದ ಆಸುಪಾಸು ಬಿಗಿಯಾಕ ಸುರು ಆಗ್ತದ. ಪಡುವಲ ಮುಖದ ಗೋಡಿ ಮಧ್ಯಾನ ಮೂರಕ್ಕ ಮುಟ್ಟಿ ನೋಡ್ರಿ, ಗಾಳಿಗಿಂತ ಬಾಳ ಜಾಸ್ತಿ ಕಾದಿರ್ತದ. ಹುಡುಗ ಹತ್ತು ಹೋಲಿಗೆ ಒಮ್ಮೆಲೆ ಕೆಮಿಕಲ್ ತುಂಬಿ ಆಮ್ಯಾಲ ರಾಡ್ ತಗೊಂಡು ಬರ್ತಾನ, ಏಳನೇದಕ್ಕ ರಾಡ್ ಒಳಗ ಹೋಗಂಗಿಲ್ಲ, ಸುತ್ತಿಗಿ ತಗೊಂಡು ಬಡೀತಾನ. ಅರ್ಧ ಬಿಗದ ಕೆಮಿಕಲ್ ಅಲ್ಲೇ ಸೀಳ್ತದ. ಮ್ಯಾಲಿಂದ ನೋಡಿದ್ರ ಚೊಕ್ಕ ಕಾಣ್ತದ. ಇಂಥಾದ್ದು ಹಿಡಿಯಾಕೇ ಪ್ರೂಫ್ ಟೆಸ್ಟ್ ಇರೋದು.

ಹೋಲ್ ಸ್ವಚ್ಛ ಮಾಡೋದು ಇನ್ನೊಂದು. ಊದ್ರಿ, ಬ್ರಷ್ ಹಾಕ್ರಿ, ಮತ್ತ ಊದ್ರಿ. ಬಾಯಿಲೆ ಉಫ್ ಅಂದ್ರ ಆಗಂಗಿಲ್ಲ, ಪಂಪ್ ಬೇಕು. ಇಟ್ಟಂಗಿ ಪುಡಿ ಒಳಗ ಉಳದ್ರ ಕೆಮಿಕಲ್ ಪುಡಿಗೆ ಅಂಟ್ತದ, ಗೋಡಿಗಲ್ಲ. ಹೊಸಾ ಕಾರ್ಟ್ರಿಜ್ಜಿನ ಮೊದಲ ಸ್ವಲ್ಪ ಮಾಲು ಬಣ್ಣ ಒಂದೇ ಥರ ಆಗೋ ತನಕ ಹೊರಗ ಚೆಲ್ಲಬೇಕು, ಇದನ್ನ ದುಬಾರಿ ಅಂತ ಯಾರೂ ಚೆಲ್ಲಂಗಿಲ್ಲ. ಮತ್ತ ಹಾಲೋ ಬ್ಲಾಕು, ಎಎಸಿ ಬ್ಲಾಕು (ಗಾಳಿಗುಳ್ಳಿ ಇರೋ ಹಗುರ ಬ್ಲಾಕು), ಹಗುರ ಇಟ್ಟಂಗಿ ಇದ್ರ ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿ ಬರೀ ತಿರುಗಿಸಿ ಹೊಡೀರಿ, ಹ್ಯಾಮರ್ ಹಾಕಿದ್ರ ಹಿಂದಿನ ಪದರ ಉದುರಿ ಬೀಳ್ತದ. ಹಾಲೋಗೆ ಜಾಳಿಗಿ ಸ್ಲೀವ್ ಇಲ್ಲದ ಕೆಮಿಕಲ್ ಹಾಕಿದ್ರ ಎಲ್ಲಾ ಒಳಗ ಬಿದ್ದು ಹೋಗ್ತದ, ಟ್ಯೂಬ್ ಮ್ಯಾಲ ಟ್ಯೂಬ್ ಖಾಲಿ. ನಮ್ಮ ಕಡಿ ಬೂದಿ ಇಟ್ಟಂಗಿ ಬಾಳ, ಆರ್‌ಟಿಪಿಎಸ್ (ರಾಯಚೂರು ಥರ್ಮಲ್ ಪವರ್ ಸ್ಟೇಷನ್) ಬೂದಿ ಸಿಗ್ತದಲ್ಲ, ಅಂಚು ಚೊಕ್ಕ ಇರ್ತಾವ, ಆದ್ರ ಕ್ಯೂರಿಂಗ್ ಸರಿ ಮಾಡದ ಲಾಟ್ ಬಂತಂದ್ರ ಡ್ರಿಲ್ ಬೆಣ್ಣಿಯೊಳಗ ಹೋದಂಗ ಹೋಗ್ತದ. ಹಂಗ ಹೋತಂದ್ರ ಅಲ್ಲೇ ನಿಲ್ಲಿಸಿ ಟೆಸ್ಟ್ ಮಾಡ್ರಿ, ಮುಂದ ಹೋಗಬ್ಯಾಡ್ರಿ.

ಆನೆಗೊಂದಿ_ಮನಿ

ನಡುವ ಬಾಯಿ ಹಾಕ್ತೀನಿ ತಪ್ಪ ತಿಳೀಬ್ಯಾಡ್ರಿ. ನಮ್ಮದು ಆನೆಗೊಂದಿಯಾಗ ಹಳೇ ಮನಿ, ಕಲ್ಲು ಮಣ್ಣಿನ ಗ್ವಾಡಿ, ಎರಡ್ ಫೂಟ್ ದಪ್ಪ. ಸೋಲಾರ್ ಇನ್ವರ್ಟರ್ ಮತ್ತ ಬ್ಯಾಟರಿ ಸ್ಟ್ಯಾಂಡ್ ಗ್ವಾಡಿಗೆ ಹಾಕ್ಬೇಕಂತ. ಟೆಸ್ಟ್ ಮಾಡ್ಸಲೇನು?

ಸಿಂಧನೂರು_ಸಿವಿಲ್

ಅಕ್ಕಾರ ಅಥವಾ ಅಣ್ಣಾರ, ಮಣ್ಣಿನ ಗೋಡಿಗೆ ಆಂಕರ್ ವಿಚಾರಾನೇ ಬಿಡ್ರಿ, ಟೆಸ್ಟ್ ರೊಕ್ಕದಾಗ ನೆಲದ ಮ್ಯಾಲ ನಿಲ್ಲೋ ಸ್ಟ್ಯಾಂಡ್ ಮಾಡಿಸ್ರಿ. ಬ್ಯಾಟರಿ ಹೆಂಗೂ ಗೋಡಿ ಮ್ಯಾಲ ಯಾಕ? ಇನ್ವರ್ಟರ್ ಹಾಕ್ಲೇಬೇಕು ಅಂದ್ರ ಆರಪಾರ ಹೋಲ್ ಹೊಡದು ಹಿಂದ ಅಗಲ ಪ್ಲೇಟ್ ಕೊಟ್ಟು ಬೋಲ್ಟ್ ಹಾಕೋದು, ಆಗ ಇಡೀ ಗೋಡಿ ದಪ್ಪ ಕೆಲಸಕ್ಕ ಬರ್ತದ. ಆನೆಗೊಂದಿ ಹಂಪಿ ಪ್ರಾಧಿಕಾರದ ವ್ಯಾಪ್ತಿಯಾಗ ಬರ್ತದ, ಹಳೇ ಮನಿ ಗೋಡಿ ಕೊರೆಯೋ ಮುಂಚೆ ಅಲ್ಲೂ ಒಂದ್ ಮಾತು ಕೇಳಿ ಇಟಗೋರಿ.

ಡ್ರಿಲ್‌ಬಿಟ್_ಕೊಪ್ಪಳ

ಇನ್ನೊಂದ್ ಡೌಟ್. ನಮ್ ಕಡೆ ಒಬ್ರು ಟಾರ್ಕ್ ರೆಂಚ್ ಹಚ್ಚಿ ಟಕ್ ಅಂದ್ರ ಪಾಸ್ ಅಂತಾರ. ಅದು ನಡೀತೈತೇನು? ಮತ್ತ ಮೀಟರ್ ಬಾರ್‌ನ್ಯಾಗ ಇರ್ತೈತಿ, ರಿಪೋರ್ಟ್ ಕಿಲೋನ್ಯೂಟನ್‌ನ್ಯಾಗ ಕೊಡ್ತಾರ, ಅದು ಹೆಂಗ್ ಲೆಕ್ಕ?

ಎಳೆದುನೋಡು_ರಾಯಚೂರು

ಟಾರ್ಕ್ ರೆಂಚ್ ನಟ್ ಎಷ್ಟು ಬಿಗಿ ಅದ ಅಂತ ಹೇಳ್ತದ. ನಟ್ ತುಕ್ಕು ಹಿಡದಿದ್ರ, ವಾಷರ್ ಸಿಕ್ಕೊಂಡಿದ್ರ ಬೋಲ್ಟಿಗೆ ಏನೂ ಎಳೆತ ಬರದೇ ಟಕ್ ಅಂತದ. ಎಳದು ನೋಡೋದಕ್ಕ ಬದಲಿ ಅಲ್ಲ.

ಬಾರ್ ಲೆಕ್ಕ ಸರಳ. 1 ಬಾರ್ ಅಂದ್ರ ಚದರ ಎಂಎಂಗೆ 0.1 ನ್ಯೂಟನ್. ಪಿಸ್ಟನ್ ಕ್ಷೇತ್ರ 1000 ಚದರ ಎಂಎಂ ಇದ್ರ 1 ಬಾರಿಗೆ 100 ನ್ಯೂಟನ್, 30 ಬಾರಿಗೆ 3 ಕಿಲೋನ್ಯೂಟನ್. ಆದ್ರ ಈ ಲೆಕ್ಕಕ್ಕ ಸುಮ್ಮನ ನಂಬಬ್ಯಾಡ್ರಿ, ಜಾಕು ಮೀಟರು ಎರಡೂ ಸೇರಿಸಿ ಕ್ಯಾಲಿಬ್ರೇಶನ್ ಆಗಿರಬೇಕು, ಸರ್ಟಿಫಿಕೇಟ್ ಚಾಲ್ತಿ ಇರಬೇಕು, ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡೋ ಸಂಸ್ಥೆ) ಮಾನ್ಯತೆ ಇರೋ ಕಡೆ ಮಾಡಿಸಿದ್ದು ಅಂದ್ರ ಛಲೋ. ಸರ್ಟಿಫಿಕೇಟಿನ ಸೀರಿಯಲ್ ನಂಬರು ಮಷೀನ್ ಮ್ಯಾಲಿನ ನಂಬರು ಒಂದೇ ಅದಾವೇನ್ ನೋಡ್ರಿ, ಅಲ್ಲೇ ಅರ್ಧ ಜನ ಸಿಕ್ಕೊಳ್ತಾರ. ಮೀಟರಿನ ರೇಂಜೂ ನೋಡ್ರಿ. 100 ಕಿಲೋನ್ಯೂಟನ್ ಮೀಟರಿನ್ಯಾಗ 1.5 ಕಿಲೋನ್ಯೂಟನ್ ಓದ್ತೀನಿ ಅನ್ನಾವ ಮುಳ್ಳು ಅಲುಗಾಡೋದನ್ನ ಓದಾಕತ್ತಾನ.

ಲೋಡ್ ನಿಧಾನಕ್ಕ ಏರಿಸ್ಬೇಕು, ಏರಿಸಿ ಹಿಡೀಬೇಕು, ಹಿಡದಾಗ ಮುಳ್ಳು ತಾನೇ ಇಳಿಯಾಕತ್ರ ಆಂಕರ್ ಜಾರಾಕತ್ತದ ಅಂತರ್ಥ. ಕಿತ್ತು ಬಂದ ನಂಬರಿಗಿಂತ ಮೊದಲ ಅಲುಗಾಡಿದ ನಂಬರ್ ನನಗ ಮುಖ್ಯ ಅನಸ್ತದ, ಅದಕ್ಕ ಡಯಲ್ ಗೇಜ್ (ಸಣ್ಣ ಅಲುಗಾಟ ಅಳೆಯೋ ಮೀಟರ್) ಇಡ್ರಿ ಅಂತ ಹೇಳ್ರಿ. ಇನ್ನ ಜಾಗ್ರತಿ, ಬೋಲ್ಟ್ ಕಿತ್ತು ಬಂದಾಗ ಮಷೀನ್ ಕೆಳಗ ಬೀಳ್ತದ, ಮ್ಯಾಲ ಹಗ್ಗ ಕಟ್ಟಿ ಇಡ್ರಿ, ನೇರ ಎದುರು ಯಾರನ್ನೂ ನಿಲ್ಲಿಸಬ್ಯಾಡ್ರಿ. ವಿಡಿಯೋ ಮಾಡಾಕ ಮುಂದ ಬಗ್ಗಿ ನಿಲ್ಲೋ ಹುಡುಗೂರು ಬಾಳ ಮಂದಿ.

ಮಿಲ್‌ಸೈಟ್_ಗಂಗಾವತಿ

ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರಿ, ಸ್ವಲ್ಪ ದಿನ ಆತು ಬರಾಕ ಆಗಿರಲಿಲ್ಲ. ಹಳೇ ಗೋಡಿ ಟೆಸ್ಟ್ ಮುಗೀತು. ಕನ್ಸಲ್ಟೆಂಟಿಗೆ ಫೋಟೋ ಕಳಿಸಿದೆ, ಅವ್ರ ಗುರುತು ಹಾಕಿ ಕೊಟ್ರು, ಬಿಎಸ್ 8539 ಪ್ರಕಾರ ಅಂತಾನೂ ಬರದ್ರು. ಟೆಸ್ಟ್ ಮಾಡಾವ ಅಗಲ ಫ್ರೇಮ್ ತಂದಿದ್ದ, ನಾ ಕೇಳಿದ್ದಕ್ಕ ಅವಂಗ ಆಶ್ಚರ್ಯ, ಇದನ್ನ ಯಾರೂ ಕೇಳಂಗಿಲ್ಲ ಸರ್ ಅಂದ.

ಬಂದದ್ದು ಹೇಳ್ತೀನಿ. ಅಂಗಡಿಯಾಂವನ ಎಕ್ಸ್‌ಪ್ಯಾನ್ಶನ್ ಬೋಲ್ಟ್ ಹಳೇ ಇಟ್ಟಂಗಿಯಾಗ 2ರಿಂದ 4 ಕಿಲೋನ್ಯೂಟನ್ ನಡುವ, ಎರಡು ಕಡೆ ಇಟ್ಟಂಗಿ ಸೀಳಿ ಬಿರುಕು ಪಕ್ಕದ ಸಂದಿ ತನಕ ಹೋತು. ಒಂದು ಟನ್ ಎಲ್ಲಿ ಹೋತೋ ಗೊತ್ತಿಲ್ಲ. ಕೆಮಿಕಲ್, 12ರ ರಾಡ್, 110 ಆಳ, ಗೋಡಿ ನಡು ಎತ್ತರದಾಗ 7ರ ಮ್ಯಾಲ ಬಂತು, ಒಂದು 9 ದಾಟಿತು. ಟ್ರಸ್ ಕೆಳಗ ಬಳ್ಳಾರಿ ಸರ್ ಹೇಳಿದಂಗ ಆತು, 3ಕ್ಕ ಇಡೀ ಇಟ್ಟಂಗಿ ಮುಂದ ಬಂತು, ಕೆಮಿಕಲ್ ಗಟ್ಟಿಯಾಗೇ ಹಿಡಕೊಂಡಿತ್ತು. ಇನ್ನೊಂದ್ ವಿಷಯ, ಪ್ಲಾಸ್ಟರ್ ಕೆಲವು ಕಡೆ ಒಂದೂವರೆ ಇಂಚ್ ದಪ್ಪ ಬಂತು, 110 ಆಳ ಅಂತ ಬಿಟ್ಟಿಗೆ ಟೇಪ್ ಸುತ್ತಿದ್ದ ನಮ್ ಹುಡುಗಗ ಪ್ಲಾಸ್ಟರ್ ಬಿಟ್ಟು ಅಳಿ ಅಂತ ಟೆಸ್ಟ್ ಮಾಡಾವನ ತಡದು ಹೇಳಿದ. ಇಲ್ಲಾಂದ್ರ ಇಟ್ಟಂಗಿಯಾಗ ಎಪ್ಪತ್ತರ ಆಸುಪಾಸು ಅಷ್ಟ ಇರ್ತಿತ್ತು.

ಬಳ್ಳಾರಿ_ಸ್ಟ್ರಕ್ಚರ್

ಆ 3 ಬಂದಿದ್ದನ್ನ ಸರಾಸರಿಗೆ ಸೇರಿಸಿ ಮುಳುಗಿಸಿಲ್ಲ ತಾನೆ? ಅದನ್ನ ಬೇರೆ ಗೋಡೆ ಅಂತಲೇ ಲೆಕ್ಕ ಹಿಡೀಬೇಕು.

ಮಿಲ್‌ಸೈಟ್_ಗಂಗಾವತಿ

ಇಲ್ಲ ಸರ್, ಕನ್ಸಲ್ಟೆಂಟ್ ಅದನ್ನ ಬ್ಯಾರೆನ ತಗದ್ರು. ಮ್ಯಾಲಿನ ವರಸಿಗೆ ಆಂಕರ್ ಬ್ಯಾಡ, ಆರಪಾರ ಬೋಲ್ಟ್ ಮತ್ತ ಹಿಂದ 150ರ ಪ್ಲೇಟ್ ಅಂತ ಹೊಸಾ ಡ್ರಾಯಿಂಗ್ ಬಂತು. ಕೆಳಗ ಕೆಮಿಕಲ್, ಒಂದ್ ಆಂಕರಿಗೆ ಕೆಲಸದ ಲೋಡ್ 1 ಕಿಲೋನ್ಯೂಟನ್ ಹಿಡದಾರ, ಹಾಕಿದ ಮ್ಯಾಲ ಪ್ರೂಫ್ ಟೆಸ್ಟ್ 1.5. ಬ್ರಾಕೆಟ್ ಎತ್ತರ 300 ಮಾಡ್ಸಾಕತ್ತೀನಿ, ಫ್ಯಾಬ್ರಿಕೇಟರ್ ಬಾಯಿಗೆ ಬಂದಂಗ ಬೈದ. ಬೆಳಿಗ್ಗೆ ಹತ್ತರ ಒಳಗ ಕೆಮಿಕಲ್ ಕೆಲಸ, ಕಾರ್ಟ್ರಿಜ್ ಎಲ್ಲಾ ಸಾವ್ಕಾರ್ರ ಆಫೀಸ್ ಎಸಿ ರೂಮಿನ್ಯಾಗ ಇಟ್ಟೀನಿ, ಅವ್ರಿಗೆ ಅದ್ಯಾಕ ಅಂತ ಇನ್ನೂ ತಿಳದಿಲ್ಲ.

ಕಾರಟಗಿ_ಕಾಂಟ್ರಾಕ್ಟ್

ಟೆಸ್ಟಿಗೆ ಎಷ್ಟ್ ತಗೊಂಡ್ರು? ನನಗೂ ಒಂದ್ ಸೈಟಿಗೆ ಕೇಳಾಕತ್ತಾರ, ಬರೀ ಬ್ಲಾಕ್ ಗ್ವಾಡಿ.

ಮಿಲ್‌ಸೈಟ್_ಗಂಗಾವತಿ

ರೇಟ್ ಇಲ್ಲಿ ಬ್ಯಾಡ ಅಣ್ಣ, ಮೆಸೇಜ್ ಮಾಡ್ತೀನಿ. ನಮ್ ಬ್ಲಾಕ್ ಗೋಡಿದು ಮುಂದಿನ ವಾರ ಐತಿ, ಅವ್ರ ಬರೋ ದಿನ ನಿಮ್ ಸೈಟಿಗೂ ಕರಕೊಂಡ್ ಹೋದ್ರ ಗಾಡಿ ಖರ್ಚು ಅರ್ಧ ಅರ್ಧ ಆಗ್ತೈತಿ. ಜಾಗ ಮಾತ್ರ ಮೊದಲ ಗುರುತು ಮಾಡಿಸಿ ಇಡ್ರಿ, ಎದಿ ಎತ್ತರದ್ದು ಅಲ್ಲ.